ಎಐ ಚಿತ್ರ ಚೆನ್ನಾಗಿ ಬರಬೇಕಾ? ಫೋಟೊಗ್ರಾಫರ್ ಭಾಷೆಯಲ್ಲಿ ಕೇಳಿ

ಎಐನಲ್ಲಿ ಚಿತ್ರ ಮಾಡಿಸುವವರು ಪ್ರಾಂಪ್ಟ್ ಕೊನೆಗೆ ‘ಬ್ಯೂಟಿಫುಲ್, ಅಲ್ಟ್ರಾ ರಿಯಲಿಸ್ಟಿಕ್, 8ಕೆ’ ಅಂತ ಸೇರಿಸೋದನ್ನ ನೀವೂ ನೋಡಿರ್ತೀರಿ. ಇಷ್ಟೆಲ್ಲ ಬರೆದರೂ ಚಿತ್ರ ಪ್ಲಾಸ್ಟಿಕ್ ಥರ ಹೊಳೀತಾ ಇರುತ್ತೆ. ಯಾಕಂದ್ರೆ ‘ಚೆಂದ’ ಅನ್ನೋದು ಬರೀ ಅಭಿಪ್ರಾಯ. ಬೆಳಕು ಎಲ್ಲಿಂದ ಬರಬೇಕು, ಯಾವುದು ಮಸುಕಾಗಬೇಕು ಅನ್ನೋದನ್ನ ಅದು ಹೇಳೋದಿಲ್ಲ. ಅದನ್ನ ಹೇಳೋಕೆ ಫೋಟೊಗ್ರಾಫರ್‌ಗಳ ಹತ್ರ ಪದಗಳಿವೆ. ಇವತ್ತಿನ ಸಂಚಿಕೆ ಆ ಪದಗಳ ಬಗ್ಗೆ.

ಯಾಕೆ ಕೆಲಸ ಮಾಡುತ್ತೆ?

ಈ ಮಾಡೆಲ್‌ಗಳು ಕಲಿಯೋದು ಚಿತ್ರ ಮತ್ತು ಅದರ ಜೊತೆಗಿರೋ ಬರಹವನ್ನ ಜೋಡಿಯಾಗಿ ನೋಡಿ. 2022ರಲ್ಲಿ ಬಂದ ಲಯಾನ್-5ಬಿ ಅನ್ನೋ ಸಂಗ್ರಹದಲ್ಲೇ ಇಂಥ ಸುಮಾರು 585 ಕೋಟಿ ಜೋಡಿಗಳಿದ್ದವು. ಫೋಟೊ ತೆಗೆಯೋರು ವೆಬ್‌ನಲ್ಲಿ ಹಾಕುವಾಗ ಲೆನ್ಸ್, ಬೆಳಕು ಎಲ್ಲವನ್ನೂ ಬರೆದಿರ್ತಾರೆ. ಹಾಗಾಗಿ ನೀವು ‘85 ಎಂಎಂ’ ಅಂದಾಗ ಎಐ ಲೆನ್ಸಿನ ಲೆಕ್ಕ ಹಾಕೋದಿಲ್ಲ. ಆ ಪದದ ಜೊತೆ ಕಂಡ ಚಿತ್ರಗಳ ಗುಣವನ್ನ ತರುತ್ತೆ. ಸಂಖ್ಯೆ ಇಲ್ಲಿ ಒಂದು ಸುಳಿವು, ಅಷ್ಟೇ.

ಒಂದು ಲೋಟ ಕಾಫಿ

ಒಂದು ಚಿಕ್ಕ ದರ್ಶಿನಿಯ ಪೋಸ್ಟರ್‌ಗೆ ಫಿಲ್ಟರ್ ಕಾಫಿ ಚಿತ್ರ ಬೇಕು ಅಂದುಕೊಳ್ಳಿ.

ಮೊದಲು ಬೆಳಕು. ನಾಲ್ಕು ಪದ ಮಾತ್ರ ಬರೆಯೋಕೆ ಆಗೋದಾದ್ರೆ, ನಾಲ್ಕನ್ನೂ ಬೆಳಕಿಗೇ ಖರ್ಚು ಮಾಡಿ ಅಂತೀನಿ. ‘ಬ್ಯಾಕ್‌ಲೈಟ್, ಕಪ್ಪು ಹಿನ್ನೆಲೆ’ ಅಂದ್ರೆ ಹಬೆ ಎದ್ದು ಕಾಣುತ್ತೆ. ಬೆಳಕು ಮುಂದಿನಿಂದ ಬಿದ್ದರೆ ಅದೇ ಹಬೆ ಮಾಯ. ‘ವಿಂಡೋ ಲೈಟ್’ ಅಂದ್ರೆ ಕಿಟಕಿಯಿಂದ ಒಂದು ಕಡೆಗೆ ಬೀಳೋ ಮೆದು ಬೆಳಕು. ‘ಗೋಲ್ಡನ್ ಅವರ್’ ಅಂದ್ರೆ ಸೂರ್ಯ ಹುಟ್ಟಿದ ಮೇಲಿನ, ಮುಳುಗೋ ಮುಂಚಿನ ಹೊಂಬಣ್ಣ. ‘ಹಾರ್ಡ್ ಲೈಟ್’ ಅಂದ್ರೆ ಮಟಮಟ ಮಧ್ಯಾಹ್ನದ ಥರ ಚೂಪಾದ ನೆರಳು.

ಆಮೇಲೆ ಲೆನ್ಸ್. 24 ಎಂಎಂ ಅಂದ್ರೆ ಇಡೀ ಹೋಟೆಲ್, ಗಿರಾಕಿಗಳು, ಬೋರ್ಡು ಎಲ್ಲ ಒಳಗೆ ಬರುತ್ತೆ. 50 ಎಂಎಂ ಸಹಜ ನೋಟಕ್ಕೆ ಹತ್ತಿರ. 85 ಎಂಎಂ ಅಂದ್ರೆ ಲೋಟವೊಂದೇ ಹೀರೋ.

ಮೂರನೇದು ಎಫ್ ನಂಬರ್. ಸಣ್ಣ ಸಂಖ್ಯೆ, ಅಂದ್ರೆ ಎಫ್/1.8 ಥರದ್ದು, ಹಿಂದಿನದನ್ನ ಮಸುಕು ಮಾಡುತ್ತೆ. ನಿಮ್ಮ ಫೋನಿನ ಪೋರ್ಟ್ರೇಟ್ ಮೋಡ್ ಸಾಫ್ಟ್‌ವೇರ್‌ನಿಂದ ಅನುಕರಿಸೋದು ಇದನ್ನೇ. ಎಫ್/11 ಅಂದ್ರೆ ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟ.

ಕೊನೆಗೆ ಕೋನ. ‘ಟಾಪ್ ಡೌನ್’ ಮಸಾಲೆ ದೋಸೆಗೆ ಸರಿ, ಯಾಕಂದ್ರೆ ತಟ್ಟೆ ಪೂರ್ತಿ ಕಾಣಬೇಕು. ಕಾಫಿಯ ಲೋಟಕ್ಕೆ, ಅದರ ನೊರೆಗೆ ‘ಐ ಲೆವೆಲ್’ ಒಳ್ಳೇದು. ಓಡೋ, ಹರಿಯೋ ವಸ್ತು ಇದ್ದರೆ ಮಾತ್ರ ಶಟರ್ ಸ್ಪೀಡ್ ಸೇರಿಸಿ: ‘ಲಾಂಗ್ ಎಕ್ಸ್‌ಪೋಷರ್’ ಅಂದ್ರೆ ಜೋಗದ ನೀರು ರೇಷ್ಮೆ ಥರ, ‘1/1000 ಸೆಕೆಂಡ್’ ಅಂದ್ರೆ ಹನಿ ಗಾಳಿಯಲ್ಲೇ ನಿಂತ ಹಾಗೆ.

ಎಲ್ಲ ಸೇರಿಸಿದರೆ ಪ್ರಾಂಪ್ಟ್ ಹೀಗಾಗುತ್ತೆ: ‘ಸ್ಟೀಲ್ ಟಂಬ್ಲರ್‌ನಲ್ಲಿ ಬಿಸಿ ಫಿಲ್ಟರ್ ಕಾಫಿ, ಮೇಲೆ ನೊರೆ, ಕಲ್ಲಿನ ಮೇಜು, ಬೆಳಗಿನ ಬ್ಯಾಕ್‌ಲೈಟ್, ಕಪ್ಪು ಹಿನ್ನೆಲೆ, 85 ಎಂಎಂ, ಎಫ್/2, ಐ ಲೆವೆಲ್.’ ಬರೀ ‘ಕಾಫಿ ಕಪ್’ ಅಂದ್ರೆ ಪಿಂಗಾಣಿ ಮಗ್ಗು ಬರೋ ಸಾಧ್ಯತೆ ಹೆಚ್ಚು, ಹಾಗಾಗಿ ಟಂಬ್ಲರ್ ಅಂತಲೇ ಬರೀರಿ.

ಎರಡು ಎಚ್ಚರಿಕೆ ಮಾತು. ಒಂದಕ್ಕೊಂದು ಜಗಳ ಆಡೋ ಪದ ಬೇಡ. ‘ಎಫ್/1.4, ಎಲ್ಲವೂ ಸ್ಪಷ್ಟ’ ಅಂದ್ರೆ ಎಐ ಒಂದನ್ನ ಬಿಟ್ಟುಬಿಡುತ್ತೆ. ಮತ್ತೆ, ಒಂದು ಸಲಕ್ಕೆ ಒಂದೇ ಪದ ಬದಲಿಸಿ. ಆಗ ಮಾತ್ರ ಯಾವ ಪದ ಏನು ಮಾಡ್ತು ಅಂತ ಗೊತ್ತಾಗೋದು.

ಪೋಸ್ಟರ್ ಬೇರೆ, ಮೆನು ಬೇರೆ

ನಾನು ಬಿಕಾಂ ಓದಿದವನು, ಹಾಗಾಗಿ ವ್ಯಾಪಾರದ ಮಾತು ಹೇಳದೆ ಮುಗಿಸೋಕಾಗಲ್ಲ. ಹಬ್ಬದ ಶುಭಾಶಯಕ್ಕೆ, ಪಾಡ್‌ಕಾಸ್ಟ್ ಕವರ್‌ಗೆ ಎಐ ಚಿತ್ರ ಆಗಬಹುದು. ಆದರೆ ಮನೆಯಲ್ಲಿ ಹೋಳಿಗೆ, ಚಟ್ನಿಪುಡಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಮಾರೋರು ‘ನಮ್ಮ ಹೋಳಿಗೆ’ ಅಂತ ಎಐ ಹೋಳಿಗೆ ತೋರಿಸಿದರೆ, ಗ್ರಾಹಕರು ದುಡ್ಡು ಕೊಡ್ತಿರೋದು ಇಲ್ಲದ ವಸ್ತುವಿಗೆ. ವಸ್ತುವನ್ನ ಸುಳ್ಳಾಗಿ ವರ್ಣಿಸೋ ಜಾಹೀರಾತನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ದಾರಿ ತಪ್ಪಿಸುವ ಜಾಹೀರಾತು’ ಅಂತಲೇ ಕರೆಯುತ್ತೆ. ಕಾಯ್ದೆ ಪಕ್ಕಕ್ಕಿಡಿ, ಡಬ್ಬಿ ತೆರೆದಾಗ ಫೋಟೊದಲ್ಲಿದ್ದದ್ದು ಸಿಗದಿದ್ದರೆ ಆ ಗಿರಾಕಿ ಮತ್ತೆ ಬರೋದಿಲ್ಲ.

ಖುಷಿಯ ವಿಷಯ ಏನಂದ್ರೆ, ಇದೇ ಪದಗಳು ನಿಜವಾದ ಫೋಟೊಗೂ ಬರುತ್ತೆ. ತಟ್ಟೆಯನ್ನ ಕಿಟಕಿ ಪಕ್ಕ ಇಡಿ. ಟ್ಯೂಬ್‌ಲೈಟ್, ಫ್ಲ್ಯಾಶ್ ಎರಡೂ ಆರಿಸಿ. ನೆರಳು ಜಾಸ್ತಿಯಾದರೆ ಇನ್ನೊಂದು ಕಡೆ ಬಿಳಿ ಹಾಳೆ ಹಿಡಿಯಿರಿ. ಸ್ವಲ್ಪ ಹಿಂದೆ ಸರಿದು 2ಎಕ್ಸ್‌ನಲ್ಲಿ ತೆಗೀರಿ. ಖರ್ಚು ಸೊನ್ನೆ, ಹೋಳಿಗೆ ಮಾತ್ರ ನಿಮ್ಮದೇ.