ಕಿವಿಯ ಮೆತ್ತೆ
ಹೆಡ್‌ಫೋನನ್ನು ಕೊಳ್ಳುವಾಗ ನಾವು ಅದರ ಧ್ವನಿಯನ್ನು ವಿಚಾರಿಸುವೆವೇ ಹೊರತು ಕಿವಿಗೆ ತಾಗುವ ಮೆತ್ತೆಯನ್ನಲ್ಲ. ಮೆತ್ತೆಯಿರುವುದು ಬರಿಯ ಸುಖಕ್ಕೆಂದು ತಿಳಿಯುವುದು ತಪ್ಪು. ಅದು ಕಿವಿಯ ಸುತ್ತ ಗಾಳಿ ಸೋರದಂತೆ ಕಟ್ಟಿದ ಒಡ್ಡು. ಒಡ್ಡು ಸಡಿಲಿದರೆ ಮೊದಲು ಸೋರುವುದು ಮಂದ್ರನಾದ. ತಬಲದ ಜೊತೆಯ ಡಗ್ಗಾ ಒಣಗಿದ ಡಬ್ಬದಂತೆ ಕೇಳುವುದು. ಕನ್ನಡಕದ ಕಡ್ಡಿಯೊಂದೇ ಅಂಥ ಸಂದಿಗೆ ಸಾಕು. ನಮ್ಮಂಥ ಉಪಾಧ್ಯಾಯರು ಇದನ್ನು ಚೆನ್ನಾಗಿ ಬಲ್ಲೆವು.

ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಬೇಸಗೆಯ ತಾಪವು 40 ಡಿಗ್ರಿಯನ್ನು ದಾಟುವುದುಂಟು. ಆಗ ತೊಗಲಿನ ಮೆತ್ತೆಯೊಳಗೆ ಕಿವಿ ಬೆವರಿ, ಅರ್ಧ ಗಂಟೆಯಲ್ಲಿ ಸಂಗೀತವೇ ಬೇಡವೆನಿಸುತ್ತದೆ. ಬಟ್ಟೆಯ ಮೆತ್ತೆ ಹಿತವಾದುದು. ಆದರೆ ಗಾಳಿಯಾಡುವ ದಾರಿಯಲ್ಲಿ ಮಂದ್ರವು ಕೊಂಚ ಹೊರಬೀಳುತ್ತದೆ, ಹೊರಗಿನ ಸದ್ದು ಒಳನುಗ್ಗುತ್ತದೆ. ಶಹಾಬಾದಿನ ಕಲ್ಲು ಕೊಯ್ಯುವ ಯಂತ್ರಗಳ, ವಾಡಿ ಜಂಕ್ಷನ್ನಿನ ರೈಲುಗಳ ನಡುವೆ ಕುಳಿತವರು ಅದನ್ನು ಮೀರಲು ಧ್ವನಿಯನ್ನು ಏರಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವ ಮಿತಿ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ. ಧ್ವನಿ ಹೆಚ್ಚಿದಂತೆಲ್ಲ ಈ ಅವಧಿ ಬೇಗನೆ ಕುಗ್ಗುತ್ತದೆ.

ಆದುದರಿಂದ ಗದ್ದಲದಲ್ಲಿ ತೊಗಲಿನದನ್ನೂ, ರಾತ್ರಿಯ ನಿಶ್ಶಬ್ದದಲ್ಲಿ ಬಟ್ಟೆಯದನ್ನೂ ಬಳಸುವುದು ಲೇಸು. ಬಿರುಕುಬಿಟ್ಟು ಹುಡಿಯುದುರುವ ಮೆತ್ತೆಯನ್ನಂತೂ ಕೂಡಲೇ ಬದಲಿಸಬೇಕು.