ತುರಿಕಜ್ಜಿ: ಔಷಧಿ ಒಬ್ಬರಿಗಲ್ಲ, ಇಡೀ ಕೊಠಡಿಗೆ

ಯಶವಂತಪುರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿಯೂ ಯಲಹಂಕ, ಹೆಬ್ಬಾಳಗಳ ಸಣ್ಣ ಘಟಕಗಳಲ್ಲಿಯೂ ದುಡಿಯುವ ಅನೇಕ ಕಾರ್ಮಿಕರು ಒಂದೇ ಕೊಠಡಿಯಲ್ಲಿ ಹಲವರು ಕೂಡಿ ವಾಸಿಸುತ್ತಾರೆ. ಅಲ್ಲಿ ಒಬ್ಬರಿಗೆ ತುರಿಕಜ್ಜಿ ತಗುಲಿದರೆ ಉಳಿದವರಿಗೂ ಹರಡುವುದು ಸುಲಭ. ರಾತ್ರಿಯಿಡೀ ತುರಿಕೆಯಿಂದ ನಿದ್ರೆಗೆಟ್ಟವರು ಹಗಲು ಯಂತ್ರದ ಮುಂದೆ ನಿಲ್ಲುವುದು ಅಪಾಯಕರ. "ಔಷಧಿ ಹಚ್ಚಿದರೂ ಗುಣವಾಗಲಿಲ್ಲ" ಎಂಬ ದೂರು ಸಾಮಾನ್ಯ. ಹಲವು ವೇಳೆ ದೋಷವಿರುವುದು ಔಷಧಿಯಲ್ಲಲ್ಲ, ಬಳಸುವ ಕ್ರಮದಲ್ಲಿ.

ತೆಂಗಿನಕಾಯಿಯನ್ನು ಕಾಡುವ ನುಸಿಯ ವರ್ಗಕ್ಕೇ ಸೇರಿದ ಸೂಕ್ಷ್ಮಜೀವಿಯೊಂದು ಚರ್ಮದ ಮೇಲ್ಪದರವನ್ನು ಕೊರೆದು ಮೊಟ್ಟೆಯಿಡುವುದೇ ಈ ರೋಗಕ್ಕೆ ಕಾರಣ. ಮೊದಲ ಬಾರಿ ಸೋಂಕು ತಗುಲಿದವರಲ್ಲಿ ತುರಿಕೆ ಕಾಣಿಸಿಕೊಳ್ಳಲು 4ರಿಂದ 6 ವಾರಗಳು ಬೇಕು. ಆ ಅವಧಿಯಲ್ಲಿಯೂ ಅವರಿಂದ ರೋಗ ಹರಡುತ್ತದೆ. ಆದುದರಿಂದ ತುರಿಕೆಯಿರುವವರಿಗೆ ಮಾತ್ರ ಚಿಕಿತ್ಸೆ ನೀಡಿದರೆ ರೋಗ ಮರುಕಳಿಸುತ್ತದೆ.

ವೈದ್ಯರು ಹೆಚ್ಚಾಗಿ ಸೂಚಿಸುವುದು ಶೇ. 5ರ ಪರ್ಮೆಥ್ರಿನ್ ಮುಲಾಮನ್ನು. ಇದನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದುಗಳನ್ನೂ ಬಿಡದೆ ಹಚ್ಚಿ, 8ರಿಂದ 14 ಗಂಟೆಗಳ ನಂತರ ಸ್ನಾನ ಮಾಡಬೇಕು. ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ವಯಸ್ಕರಿಗೆ ಒಮ್ಮೆಗೆ ಸುಮಾರು 30 ಗ್ರಾಂ ಬೇಕಾಗುವುದರಿಂದ, ಆರು ಮಂದಿಯ ಕೊಠಡಿಗೆ ಎರಡು ಸರದಿಗೆ 30 ಗ್ರಾಂನ 12 ಟ್ಯೂಬುಗಳು ಅಗತ್ಯ.

ಐವರ್ಮೆಕ್ಟಿನ್ ಮಾತ್ರೆಯನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 200 ಮೈಕ್ರೋಗ್ರಾಂ ಲೆಕ್ಕದಲ್ಲಿ, 7ರಿಂದ 14 ದಿನಗಳ ಅಂತರದಲ್ಲಿ ಎರಡು ಬಾರಿ ನೀಡಲಾಗುತ್ತದೆ. ಗರ್ಭಿಣಿಯರಿಗೂ 15 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೂ ಸಾಮಾನ್ಯವಾಗಿ ಇದನ್ನು ನೀಡುವುದಿಲ್ಲ. ಇದರ ಶೋಧಕ್ಕೆ ಕಾರಣರಾದ ಕ್ಯಾಂಬೆಲ್ ಮತ್ತು ಓಮುರ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದು ಮೊದಲು ಬಳಕೆಗೆ ಬಂದದ್ದು ಪಶುಚಿಕಿತ್ಸೆಯಲ್ಲಿ. ಆದರೂ ದನಕರುಗಳಿಗೆಂದು ತಯಾರಾದ ಔಷಧಿಯನ್ನು ಮನುಷ್ಯರು ಸೇವಿಸಲೇಬಾರದು. ಬೆಂಜೈಲ್ ಬೆಂಜೋಯೇಟ್ ದ್ರಾವಣವು ಅಗ್ಗವಾದರೂ ಚರ್ಮಕ್ಕೆ ಉರಿ ತರುತ್ತದೆ. ಸಲಹೆಯಿಲ್ಲದೆ ಕೊಳ್ಳುವ ಸ್ಟಿರಾಯ್ಡ್ ಮುಲಾಮುಗಳು ತುರಿಕೆಯನ್ನು ಅಡಗಿಸುತ್ತವೆಯೇ ಹೊರತು ನುಸಿಯನ್ನು ಕೊಲ್ಲುವುದಿಲ್ಲ.

ವೈದ್ಯರ ಸಲಹೆಯಂತೆ ಕೊಠಡಿಯವರೆಲ್ಲರಿಗೂ ಒಂದೇ ರಾತ್ರಿ ಚಿಕಿತ್ಸೆಯಾಗಬೇಕು. ಬಟ್ಟೆ, ಹಾಸಿಗೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಒಗೆಯಲಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕನಿಷ್ಠ 3 ದಿನ ಇಡಬೇಕು. ನುಸಿ ಸತ್ತ ನಂತರವೂ ತುರಿಕೆ 2ರಿಂದ 4 ವಾರ ಉಳಿಯಬಹುದಾದ್ದರಿಂದ ಪದೇ ಪದೇ ಔಷಧಿ ಹಚ್ಚುವುದು ಸಲ್ಲದು.

ಕೂಲಿ ಕಡಿತದ ಭಯವಿದ್ದಲ್ಲಿ ಕಾರ್ಮಿಕರು ರೋಗವನ್ನು ಮುಚ್ಚಿಡುವುದು ಸಹಜ. ಒಂದು ದಿನದ ವೇತನಸಹಿತ ರಜೆಯನ್ನೂ ಔಷಧಿಯ ವೆಚ್ಚವನ್ನೂ ಮಾಲೀಕರೇ ವಹಿಸಿಕೊಂಡರೆ ರೋಗವು ಆರಂಭದಲ್ಲಿಯೇ ಬೆಳಕಿಗೆ ಬರುತ್ತದೆ. ಇದು ಧರ್ಮವೂ ಹೌದು, ವ್ಯವಹಾರಜ್ಞಾನವೂ ಹೌದು.