ಕೊಬ್ಬರಿಯ ಬೆಲೆಯೂ ಬಾಣಂತಿಯ ಪಾಲೂ: ತಾಯಿ-ಶಿಶುಗಳ ಆರೋಗ್ಯಕ್ಕಾಗಿ ಪ್ರಜೆಗಳು ಬೊಕ್ಕಸವನ್ನು ಕೇಳಿದ ಬಗೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಸಂಸಾರದ ಲೆಕ್ಕವನ್ನು ಕೊಬ್ಬರಿಯಿಂದ ಹಾಕುವುದು ರೂಢಿ. ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ನೊಣವಿನಕೆರೆಯ ಸುತ್ತಮುತ್ತ ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ ಹನ್ನೊಂದು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಸಿದ್ಧವಾಗುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಬೆಲೆ ಕುಸಿದಾಗ ಮಾಡಬೇಕಾದುದೇನೆಂಬುದನ್ನು ಇಲ್ಲಿಯ ಬೆಳೆಗಾರರು ಚೆನ್ನಾಗಿ ಬಲ್ಲರು. ಸಭೆ ಸೇರುತ್ತಾರೆ, ಧರಣಿ ಕೂರುತ್ತಾರೆ, ಶಾಸಕರನ್ನೂ ಮಂತ್ರಿಗಳನ್ನೂ ಕಾಣುತ್ತಾರೆ. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಾಲಿಗೆ 5,500 ರೂಪಾಯಿ ಇದ್ದುದು 2025ರಲ್ಲಿ 12,100 ರೂಪಾಯಿ ಆಯಿತು. ಬೆಳೆಗಾರರಿಗೆ ಇದೂ ಸಾಲದೆಂದು ತೋರಬಹುದು. ಆದರೆ ಕೇಳಿದ್ದರಿಂದ ಏರಿತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಅದೇ ಕೊಬ್ಬರಿ ಬೆಲ್ಲ, ಅಂಟುಗಳೊಡನೆ ಕೂಡಿ ಬಾಣಂತಿಯ ಉಂಡೆಯಾಗುತ್ತದೆ. ಆ ಬಾಣಂತಿಗೆ ಬೊಕ್ಕಸದಿಂದ ಸಲ್ಲತಕ್ಕುದೆಷ್ಟು ಎಂದು ಕೇಳಲು ಅದೇ ಜನರು ಅದೇ ಹುರುಪಿನಿಂದ ನೆರೆದುದನ್ನು ನಾನು ಕಂಡಿಲ್ಲ. ಜನರಲ್ಲಿ ಮಮತೆ ಕಡಮೆಯೆಂದು ಇದಕ್ಕೆ ಕಾರಣ ಹೇಳುವುದು ಸುಲಭ, ಆದರೆ ಅನ್ಯಾಯ. ಕೇಳುವ ಅಧಿಕಾರ ಯಾರಿಗೆ ಇದ್ದಿತು, ಯಾವುದನ್ನು ಕೇಳತಕ್ಕ ವಿಷಯವೆಂದು ಎಣಿಸಲಾಯಿತು ಎಂಬ ಎರಡು ಪ್ರಶ್ನೆಗಳ ಬೆನ್ನುಹತ್ತಿದರೆ ಕಾರಣವು ಇತಿಹಾಸದಲ್ಲಿಯೇ ದೊರೆಯುತ್ತದೆ.

ಮೈಸೂರು ಸಂಸ್ಥಾನದಲ್ಲಿ ಪ್ರಜೆಗಳು ಸರ್ಕಾರದ ಮುಂದೆ ನಿಂತು ಕೇಳುವ ಪದ್ಧತಿ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು, ದಸರಾ ಸಂದರ್ಭದಲ್ಲಿ ಪ್ರಜಾಪ್ರತಿನಿಧಿ ಸಭೆಯು 144 ಸದಸ್ಯರೊಡನೆ ಮೊದಲ ಬಾರಿಗೆ ಸೇರಿತು. 1876-78ರ ಘೋರ ಕ್ಷಾಮವು ಜನರ ನೆನಪಿನಿಂದ ಇನ್ನೂ ಮಾಸಿರಲಿಲ್ಲ. ದಿವಾನರು ವರ್ಷದ ಆಡಳಿತವನ್ನೂ ಆದಾಯವೆಚ್ಚಗಳನ್ನೂ ಸಭೆಗೆ ವಿವರಿಸುವರು. ತಾಲ್ಲೂಕುಗಳಿಂದ ಬಂದ ರೈತ ವರ್ತಕ ಪ್ರತಿನಿಧಿಗಳು ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುವರು. ಕೆರೆಯ ದುರಸ್ತಿ, ಕಂದಾಯ, ರಸ್ತೆ, ಶಾಲೆ, ಔಷಧಾಲಯ ಎಲ್ಲವೂ ಅಲ್ಲಿ ಪ್ರಸ್ತಾಪಕ್ಕೆ ಬರತಕ್ಕ ವಿಷಯಗಳು. ಇಂಡಿಯಾ ದೇಶದಲ್ಲಿ ಇಂಥ ಏರ್ಪಾಡು ಆಗ ಅಪೂರ್ವವಾಗಿದ್ದಿತೆಂದು ನಮ್ಮ ಪಠ್ಯಪುಸ್ತಕಗಳು ಹೊಗಳುತ್ತವೆ. ಹೊಗಳಿಕೆಗೆ ಅದು ಅರ್ಹವೂ ಹೌದು.

ಆದರೆ ಎರಡು ಸಂಗತಿಗಳನ್ನು ವಿದ್ಯಾರ್ಥಿಗಳು ಮರೆಯಬಾರದು. ಮೊದಲನೆಯದಾಗಿ, ಆ ಸಭೆಗೆ ಬಿನ್ನವಿಸುವ ಅವಕಾಶವಿದ್ದಿತೇ ಹೊರತು ಹಣವನ್ನು ಮಂಜೂರುಮಾಡುವ ಅಧಿಕಾರವಿರಲಿಲ್ಲ. ಎರಡನೆಯದಾಗಿ, 1890ರ ದಶಕದಲ್ಲಿ ಚುನಾವಣೆಯ ಕ್ರಮ ಬಂದಾಗ ಮತದ ಹಕ್ಕು ಮುಖ್ಯವಾಗಿ ಕಂದಾಯ ಮೊದಲಾದ ತೆರಿಗೆಗಳನ್ನು ಕೊಡುವ ಗಂಡಸರಿಗೆ ಮೀಸಲಾಯಿತು. ತೆರಿಗೆ ಕೊಡುವವನು ತನ್ನ ತೆರಿಗೆಯ ವಿಷಯವನ್ನೇ ಮೊದಲು ಎತ್ತುವುದು ಸಹಜ. ಪ್ರಸವವೇದನೆಯನ್ನು ಅನುಭವಿಸಿದವರು ಆ ಸಭೆಯಲ್ಲಿ ಒಬ್ಬರೂ ಇರಲಿಲ್ಲ. 1923ರ ಶಾಸನಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬುನಾದಿಯೂ, ಆಯವ್ಯಯವನ್ನು ಕುರಿತು ನಿರ್ಣಯಗಳನ್ನು ಮಂಡಿಸುವ ಅವಕಾಶವೂ ಒದಗಿದುವು; ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬಾಬುಗಳ ಮೇಲೆ ಮತ ನೀಡುವ ಹಕ್ಕು ದೊರೆಯಿತು; ಸ್ತ್ರೀಯರು ಮತದಾನಕ್ಕೆ ಅನರ್ಹರೆಂಬ ನಿಯಮ ತೊಲಗಿತು. ಅಂದರೆ ಬಿನ್ನಹಕ್ಕೂ ಬೊಕ್ಕಸಕ್ಕೂ ನಡುವೆ ಒಂದು ಕಿರುಬಾಗಿಲು ತೆರೆಯಲು, ಮೊದಲ ಸಭೆ ಸೇರಿದ ಮೇಲೆ ನಾಲ್ವತ್ತೆರಡು ವರ್ಷಗಳು ಬೇಕಾದುವು.

ಈ ಅವಧಿಯಲ್ಲಿ ತಾಯಂದಿರ ಚಿಕಿತ್ಸೆಯ ಭಾರವನ್ನು ಹೊತ್ತವರಾರು? ಒಂದು ಪಾಲನ್ನು ದಾನಿಗಳು ಹೊತ್ತರು. ಭಾರತೀಯ ಸ್ತ್ರೀಯರಿಗೆ ಸ್ತ್ರೀವೈದ್ಯರ ನೆರವನ್ನು ಒದಗಿಸಲು 1885ರಲ್ಲಿ ಆರಂಭವಾದ ಲೇಡಿ ಡಫರಿನ್ ನಿಧಿಯು ರಾಜಮಹಾರಾಜರ ಮತ್ತು ಧನಿಕರ ಚಂದಾಗಳನ್ನು ಬಹುಮಟ್ಟಿಗೆ ಅವಲಂಬಿಸಿತ್ತು. ಅದರ ಫಲ ಪಟ್ಟಣಗಳಿಗೆ ದೊರೆತಂತೆ ಹಳ್ಳಿಗಳಿಗೆ ದೊರೆಯಲಿಲ್ಲ. ಉಳಿದುದನ್ನೆಲ್ಲ ಹೊತ್ತವಳು ಸೂಲಗಿತ್ತಿ. ನಮ್ಮ ಜಿಲ್ಲೆಯದೇ ಉದಾಹರಣೆಯೊಂದಿದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ತಮ್ಮ ಜೀವಮಾನದಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲ ಬಯಸದೆ ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಆ ತಾಯಿಯ ಕೈಗುಣವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಇತಿಹಾಸಕಾರನು ಈ ಸಂಖ್ಯೆಯನ್ನು ಬೇರೊಂದು ಬಗೆಯಲ್ಲಿಯೂ ಓದಬೇಕಾಗುತ್ತದೆ. ಒಂದು ಬರಡು ಸೀಮೆಯಲ್ಲಿ ಹದಿನೈದು ಸಾವಿರ ಬಾರಿ ಸರ್ಕಾರದ ಕೆಲಸವನ್ನು ಒಬ್ಬ ಬಡ ಹೆಣ್ಣುಮಗಳು ಬಿಟ್ಟಿಯಾಗಿ ಮಾಡಿದಳೆಂದೂ ಅದಕ್ಕೆ ಅರ್ಥವಿದೆ.

ದಾನವು ಹಕ್ಕಾಗಿ ಮಾರ್ಪಟ್ಟ ಬಗೆಯನ್ನು ತಿಳಿಯಲು ಎರಡು ಹೊರದೇಶಗಳ ವೃತ್ತಾಂತವನ್ನು ಇಲ್ಲಿ ತರುವುದು ಅವಶ್ಯಕ. ಇಂಗ್ಲೆಂಡಿನಲ್ಲಿ 1883ರಲ್ಲಿ ಹುಟ್ಟಿದ ಮಹಿಳಾ ಸಹಕಾರ ಸಂಘವು ಕಾರ್ಮಿಕರ ಮಡದಿಯರ ಕೂಟ. 1911ರ ರಾಷ್ಟ್ರೀಯ ವಿಮಾ ಶಾಸನದಲ್ಲಿ ಮೂವತ್ತು ಷಿಲಿಂಗುಗಳ ಹೆರಿಗೆ ಭತ್ಯವು ಸೇರುವಂತೆ ಮಾಡುವುದರಲ್ಲಿ ಈ ಸಂಘದ ಪಾತ್ರ ದೊಡ್ಡದು. ಹಣ ಗಂಡನ ಕೈಗೆ ಹೋಗುವುದನ್ನು ಕಂಡು ಅವರು ಸುಮ್ಮನಿರಲಿಲ್ಲ. ಅದು ಹೆಂಡತಿಯ ಸ್ವತ್ತೆಂದು 1913ರಲ್ಲಿ ತಿದ್ದುಪಡಿ ಮಾಡಿಸಿದರು. 1915ರಲ್ಲಿ ಸಂಘದ ಕಾರ್ಯದರ್ಶಿನಿ ಮಾರ್ಗರೆಟ್ ಲೆವೆಲಿನ್ ಡೇವಿಸ್ ಅವರು ಸದಸ್ಯೆಯರು ತಮ್ಮ ಬಸಿರು ಬಾಣಂತನಗಳನ್ನು ಕುರಿತು ಬರೆದ ಸುಮಾರು 160 ಕಾಗದಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದರು. ಹೆಂಗಸರು ತಮ್ಮತಮ್ಮಲ್ಲೇ ಪಿಸುಮಾತಿನಲ್ಲಿ ಆಡಿಕೊಳ್ಳುವ ವಿಷಯವು ಹೀಗೆ ಪಾರ್ಲಿಮೆಂಟಿನ ವಿಷಯವಾಯಿತು. 1918ರಲ್ಲಿ ತಾಯಿ ಮತ್ತು ಶಿಶು ಕಲ್ಯಾಣ ಶಾಸನ ಬಂದಿತು. ಸ್ಥಳೀಯ ಸಂಸ್ಥೆಗಳು ಇದಕ್ಕಾಗಿ ನೇಮಿಸುವ ಸಮಿತಿಯಲ್ಲಿ ಕನಿಷ್ಠ ಇಬ್ಬರು ಸ್ತ್ರೀಯರು ಇರಲೇಬೇಕೆಂಬ ವಿಧಿಯು ಆ ಶಾಸನದ ಸಣ್ಣ ಕಲಮೇ ಆದರೂ, ನನ್ನ ದೃಷ್ಟಿಯಲ್ಲಿ ಮಿಕ್ಕೆಲ್ಲಕ್ಕಿಂತ ಮಿಗಿಲಾದುದು.

ಅಮೆರಿಕದ ಕಥೆ ಬೇರೆ. ಸ್ತ್ರೀಯರಿಗೆ ಮತದ ಹಕ್ಕು ಬಂದ ಮರುವರ್ಷವೇ, 1921ರಲ್ಲಿ, ಷೆಪರ್ಡ್-ಟೌನರ್ ಶಾಸನವು ಅಂಗೀಕೃತವಾಗಿ, ತಾಯಿ-ಶಿಶುಗಳ ಆರೋಗ್ಯಕ್ಕಾಗಿ ಕೇಂದ್ರದ ಧನವು ರಾಜ್ಯಗಳಿಗೆ ಹರಿಯಿತು. ಹೊಸ ಮತದಾರರ ಭಯವೇ ಶಾಸನಸಭೆಯವರನ್ನು ಬಾಗಿಸಿತ್ತು. ಸ್ತ್ರೀಯರೆಲ್ಲರೂ ಒಟ್ಟಾಗಿ ಮತ ಹಾಕುವುದಿಲ್ಲವೆಂದು ಕೆಲವೇ ವರ್ಷಗಳಲ್ಲಿ ತಿಳಿದುಬಂದಿತು. ವೈದ್ಯರ ಸಂಘದ ವಿರೋಧವೂ ಬಲವಾಯಿತು. ಅನುದಾನವು 1929ರಲ್ಲಿ ನಿಂತುಹೋಯಿತು. ಅವಧಿ ಗೊತ್ತುಮಾಡಿ ಕೊಟ್ಟ ಹಣ ಅವಧಿ ಮುಗಿದೊಡನೆ ಹಿಂದಿರುಗುತ್ತದೆ. ಇದೇ ಪಾಠವನ್ನು 2025ರಲ್ಲಿ ಲೋಕವು ದೊಡ್ಡ ಪ್ರಮಾಣದಲ್ಲಿ ಕಂಡಿತು. ಅಮೆರಿಕ ಸರ್ಕಾರವು ತನ್ನ ವಿದೇಶ ನೆರವಿನ ಸಂಸ್ಥೆಯನ್ನು ಮುಚ್ಚಿದಾಗ, ಆ ನೆರವನ್ನೇ ನೆಚ್ಚಿದ್ದ ಬಡ ದೇಶಗಳ ತಾಯಿ-ಶಿಶು ಕಾರ್ಯಕ್ರಮಗಳು ಕುಸಿದುವು. ಆ ನೆರವನ್ನು ಉಳಿಸೆಂದು ಅಲ್ಲಿಯ ಪ್ರಜೆಗಳು ತಮ್ಮ ಪ್ರತಿನಿಧಿಗಳಿಗೆ ಬರೆಯುವುದುಂಟು. ಪಡೆಯುವ ದೇಶದ ತಾಯಿಗೆ ಮಾತ್ರ ಆ ಪ್ರತಿನಿಧಿಯನ್ನು ಕೇಳುವ ಮತವಿಲ್ಲ.

ಮತ್ತೆ ನಮ್ಮ ನಾಡಿಗೆ ಬರೋಣ. 1930ರ ವೇಳೆಗೆ ಮೈಸೂರು ಸರ್ಕಾರವು ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. ಆ ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಸಂತಾನನಿಯಂತ್ರಣದ ಸಲಹೆ ನೀಡಲು ಅಪ್ಪಣೆಯಾಯಿತು, 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಇವು ಹೆಚ್ಚಾಗಿ ಮೇಲಿನಿಂದ ಬಂದ ಕೊಡುಗೆಗಳು. ಇಡೀ ದೇಶದ ಸ್ಥಿತಿಯನ್ನು 1946ರ ಭೋರ್ ಸಮಿತಿಯ ವರದಿ ಮುಂದಿಟ್ಟಿತು: ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 162 ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದುವು, ಬಸಿರು ಹೆರಿಗೆಗಳ ಕಾರಣದಿಂದ ಪ್ರತಿ ವರ್ಷ ಸುಮಾರು ಎರಡು ಲಕ್ಷ ಸ್ತ್ರೀಯರು ಮರಣಹೊಂದುತ್ತಿದ್ದರು. ಸಂವಿಧಾನದ 47ನೆಯ ವಿಧಿಯು ಪೌಷ್ಟಿಕತೆಯನ್ನೂ ಜನಾರೋಗ್ಯವನ್ನೂ ಮೇಲೆತ್ತುವುದು ರಾಜ್ಯದ ಕರ್ತವ್ಯವೆಂದಿತು. ಆದರೆ ಅದು ನಿರ್ದೇಶಕ ತತ್ತ್ವ, ನ್ಯಾಯಾಲಯದಲ್ಲಿ ಕೇಳುವಂತಿಲ್ಲ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಮೊದಲಾದಾಗ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಸೇರಿತ್ತು. ಯೋಜನೆಯೆಂದರೆ ಸರ್ಕಾರವು ಕೊಡುವುದು, ಬೇಡವೆನಿಸಿದರೆ ನಿಲ್ಲಿಸಬಹುದಾದುದು.

ಇದನ್ನು ಬದಲಿಸಿದುದು ಪ್ರಜೆಗಳ ಉದ್ಯಮ. 2001ರಲ್ಲಿ ಪಿ.ಯು.ಸಿ.ಎಲ್. ಸಂಸ್ಥೆಯು ಆಹಾರದ ಹಕ್ಕನ್ನು ಕುರಿತು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಹೂಡಿತು. ಅದೇ ವರ್ಷದ ನವೆಂಬರ್ 28ರ ಆದೇಶವು ಅಂಗನವಾಡಿಯ ಆಹಾರ, ಹೆರಿಗೆಯ ನೆರವು ಮೊದಲಾದುವನ್ನು ಜನರ ಹಕ್ಕುಗಳಾಗಿ ಪರಿಗಣಿಸಿತು. ಅರ್ಜಿಯ ಬೆನ್ನಿಗೆ ದೇಶದ ನಾನಾ ಕಡೆ ಸಂಘಸಂಸ್ಥೆಗಳ ಆಂದೋಲನವೂ ನಡೆಯಿತು. ಕೊನೆಗೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಶಾಸನದ 4ನೆಯ ಪ್ರಕರಣದಲ್ಲಿ, ಗರ್ಭಿಣಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಉಚಿತ ಊಟವೂ 6,000 ರೂಪಾಯಿಗಳಿಗೆ ಕಡಮೆಯಿಲ್ಲದ ಹೆರಿಗೆ ಭತ್ಯವೂ ಸಲ್ಲತಕ್ಕುದೆಂದು ಬರೆಯಲ್ಪಟ್ಟಿತು. ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯು, ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ ಮಾಡುವ ಏರ್ಪಾಡನ್ನು ತಂದಿತು.

ಶಾಸನವು ಬಂದರೂ ಕೇಳುವುದು ಮುಗಿಯಲಿಲ್ಲವೆಂಬುದನ್ನು ಮುಂದಿನ ಘಟನೆಗಳು ತೋರಿಸುತ್ತವೆ. 2017ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಮೊದಲ ಮಗುವಿಗೆ ಮಾತ್ರ, ಅದೂ 5,000 ರೂಪಾಯಿ ಎಂದು ಗೊತ್ತುಮಾಡಿತು. ಉಳಿದುದು ಜನನಿ ಸುರಕ್ಷಾ ಯೋಜನೆಯಿಂದ ಬರುವುದೆಂದು ಸಮಜಾಯಿಷಿ ನೀಡಲಾಯಿತು. 2022ರಿಂದ, ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿಯೆಂದು ಸೇರಿಸಲಾಯಿತು. ಶಾಸನವು ಬರೆದ ಮೊತ್ತವಾದರೋ 2013ರಲ್ಲಿ ಇದ್ದಲ್ಲಿಯೇ ಇದೆ. ಲೇಖನದ ಮೊದಲಲ್ಲಿ ಕೊಟ್ಟ ಕೊಬ್ಬರಿಯ ಅಂಕಿಗಳನ್ನು ವಾಚಕರು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೆಚ್ಚುಕಡಮೆ ಅದೇ ಅವಧಿಯಲ್ಲಿ ಒಂದು ಇಮ್ಮಡಿಯನ್ನು ಮೀರಿತು, ಮತ್ತೊಂದು ಅಲುಗಲಿಲ್ಲ. ಒಂದರ ಹಿಂದೆ ಪ್ರತಿ ವರ್ಷವೂ ಕೇಳುವ ಬೆಳೆಗಾರರಿದ್ದಾರೆ. ಬಾಣಂತಿಯಾದರೋ ಕೇಳುವಷ್ಟು ಚೇತರಿಸಿಕೊಳ್ಳುವ ಹೊತ್ತಿಗೆ ಬಾಣಂತಿಯಾಗಿ ಉಳಿದಿರುವುದಿಲ್ಲ.

ಏನೂ ಆಗಲಿಲ್ಲವೆಂದು ಇದರ ಅರ್ಥವಲ್ಲ. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ 2001-03ರಲ್ಲಿ 228 ಇದ್ದುದು 2018-20ರಲ್ಲಿ 69ಕ್ಕೆ ಇಳಿಯಿತು. 2005ರಲ್ಲಿ ಮೊದಲಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಆಸ್ಪತ್ರೆಯ ಹೆರಿಗೆಗಳು, ರಸ್ತೆ, ವಾಹನ, ಹೆಣ್ಣುಮಕ್ಕಳ ವಿದ್ಯೆ, ಎಲ್ಲವೂ ಇದರಲ್ಲಿ ಸೇರಿವೆ. ಮನೆಮನೆಗೆ ನಡೆದು ಬಸುರಿಯರ ಲೆಕ್ಕ ಬರೆಯುವ ಆಶಾ ಕಾರ್ಯಕರ್ತೆಯರೂ ಸೇರಿದ್ದಾರೆ. ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಧರಣಿ ಕುಳಿತು, ತಿಂಗಳಿಗೆ 10,000 ರೂಪಾಯಿ ದೊರೆಯುವಂತೆ ಮಾಡುವ ಆಶ್ವಾಸನೆಯನ್ನು ಮುಖ್ಯಮಂತ್ರಿಗಳಿಂದ ಪಡೆದರು. ನರಸಮ್ಮನವರ ಪೀಳಿಗೆ ಬೇಡದಿದ್ದುದನ್ನು ಈ ಪೀಳಿಗೆ ಬೇಡಿತು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. 2022ರ ನವೆಂಬರಿನಲ್ಲಿ, ನಮ್ಮ ಜಿಲ್ಲಾ ಕೇಂದ್ರವಾದ ತುಮಕೂರಿನಲ್ಲಿ, ತಾಯಿ ಕಾರ್ಡು ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯಲ್ಲಿ ಪ್ರವೇಶ ದೊರೆಯದೆ ಹಿಂದಿರುಗಿದ ಹೊರರಾಜ್ಯದ ಬಡ ಗರ್ಭಿಣಿಯೊಬ್ಬಳು ಮನೆಯಲ್ಲಿಯೇ ಹೆತ್ತು, ಅವಳಿ ಶಿಶುಗಳೊಡನೆ ತೀರಿಕೊಂಡಳು. ಪತ್ರಿಕೆಗಳಲ್ಲಿ ಕೂಗೆದ್ದಿತು; ಸಿಬ್ಬಂದಿಯ ಅಮಾನತ್ತಾಯಿತು. ಕಟ್ಟಡಕ್ಕೂ ಔಷಧಕ್ಕೂ ಆಯವ್ಯಯದಲ್ಲಿ ಹಣವಿದ್ದಿತು. ಆ ಹಣ ಆಕೆಗೂ ಸೇರಿದುದೆಂದು ಬಾಗಿಲಲ್ಲಿ ನಿಂತು ಹೇಳುವವರು ಇರಲಿಲ್ಲ.

ಹಾಗೆ ಹೇಳತಕ್ಕ ಸ್ಥಳಗಳು ಈಗ ಊರಿನಲ್ಲಿಯೇ ಇವೆ. ಕರ್ನಾಟಕದಲ್ಲಿ 1983ರ ಶಾಸನದಂತೆ ನಡೆದ 1987ರ ಚುನಾವಣೆಯಲ್ಲಿಯೇ ನೂರಕ್ಕೆ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದುವು. ಇದು ಮುಂದೆ ಅರ್ಧಕ್ಕೇರಿತು. ಗ್ರಾಮಸಭೆಯಿದೆ. ಗ್ರಾಮ ಆರೋಗ್ಯ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಗಳ ಮುಕ್ತನಿಧಿಯನ್ನು ಕೊಡುವ ಏರ್ಪಾಡನ್ನು ಗ್ರಾಮೀಣ ಆರೋಗ್ಯ ಅಭಿಯಾನವು ಮಾಡಿತು. ಸಣ್ಣ ಹಣ, ಆದರೆ ಲೆಕ್ಕ ಕೇಳುವ ಹಕ್ಕು ಸಣ್ಣದಲ್ಲ. ನಮ್ಮ ವಿದ್ಯಾರ್ಥಿಗಳು ದಿವಾನರ ಭಾಷಣಗಳನ್ನು ಓದಿ ಟಿಪ್ಪಣಿ ಬರೆಯುತ್ತಾರೆ; ತಮ್ಮೂರಿನ ಪಂಚಾಯತಿಯ ನಡವಳಿ ಪುಸ್ತಕವನ್ನು ತೆರೆದು ನೋಡುವುದಿಲ್ಲ. ಇದರಲ್ಲಿ ಅಧ್ಯಾಪಕರಾದ ನಮ್ಮ ತಪ್ಪೂ ಇದೆ.

ನೊಣವಿನಕೆರೆ ಹೋಬಳಿಯ ಗ್ರಾಮಸಭೆಯೊಂದರಲ್ಲಿ ನಾನೊಮ್ಮೆ ಹಿಂದಿನ ಸಾಲಿನಲ್ಲಿ ಕುಳಿತಿದ್ದೆನು. ಕೊಬ್ಬರಿಯ ಬೆಲೆ, ಕೊಳವೆಬಾವಿಯ ವಿದ್ಯುತ್ತು, ತೋಟದ ದಾರಿ ಇವುಗಳ ಚರ್ಚೆ ಸುಮಾರು ಎರಡು ಗಂಟೆ ನಡೆಯಿತು. ಜನರು ಏಳುತ್ತಿದ್ದಾಗ ಮಧ್ಯವಯಸ್ಸಿನ ಹೆಂಗಸೊಬ್ಬಳು, “ಸ್ವಾಮಿ, ಉಪಕೇಂದ್ರದ ಸಿಸ್ಟರಮ್ಮ ವಾರಕ್ಕೆ ಎಷ್ಟು ದಿನ ಬರಬೇಕು ಅಂತ ಗೋಡೆ ಮೇಲೆ ಬರೆಸಿ, ನನ್ನ ಸೊಸೆ ಎರಡು ಸಲ ಹೋಗಿ ಬೀಗ ನೋಡಿಕೊಂಡು ಬಂದಳು” ಎಂದಳು. ಕಾರ್ಯದರ್ಶಿಗಳು ಒಳ್ಳೆಯವರು, ಮುಚ್ಚಿದ್ದ ಪುಸ್ತಕವನ್ನು ಮತ್ತೆ ತೆರೆದು ಅದನ್ನು ಬರೆದುಕೊಂಡರು. ಅನಂತರ ನಾನು ಹೋಗಿ ನೋಡಿದೆನು. “ಇತರ ವಿಷಯಗಳು” ಎಂಬ ತಲೆಬರಹದ ಕೆಳಗೆ ಅದು ಕೊನೆಯ ಸಾಲಾಗಿದ್ದಿತು.